ಶಿಖರದಲ್ಲೇ ಉಳಿದ ಚಿಟ್ಟೆಗಳು: ಯುರೋಪಿನ ಪರ್ವತಗಳಲ್ಲಿ ಬದುಕು, ವಂಶ ಮತ್ತು ಉಳಿವು

ಯುರೋಪಿನ ಬೆಟ್ಟಗಳಲ್ಲಿ ಪರ್ವತ ರಿಂಗ್ಲೆಟ್ ಎಂಬ ಸಣ್ಣ ಚಿಟ್ಟೆಯೊಂದಿದೆ. ರೆಕ್ಕೆ ಬಿಡಿಸಿದರೆ ಸುಮಾರು ಮೂರೂವರೆ ಸೆಂಟಿಮೀಟರ್ ಅಗಲ, ಮೈತುಂಬ ಕಡು ಕಂದು, ರೆಕ್ಕೆಯ ಅಂಚಿನ ಬಳಿ ಕಿತ್ತಳೆ ಪಟ್ಟಿ, ಆ ಪಟ್ಟಿಯೊಳಗೆ ಕಪ್ಪು ಚುಕ್ಕಿಗಳು. ಇದರ ವೈಜ್ಞಾನಿಕ ಹೆಸರು ಎರೆಬಿಯಾ ಎಪಿಫ್ರಾನ್. ಪಿರನೀಸ್, ಆಲ್ಪ್ಸ್ ಮತ್ತು ಕಾರ್ಪೇಥಿಯನ್ ಪರ್ವತಗಳಲ್ಲಿ, ಝೆಕ್ ದೇಶದ ಯೆಸೆನಿಕ್ ಬೆಟ್ಟಗಳಲ್ಲಿ, ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಮತ್ತು ಸ್ಕಾಟ್ಲೆಂಡಿನ ಎತ್ತರದ ಇಳಿಜಾರುಗಳಲ್ಲಿ ಇದು ಹಾರಾಡುತ್ತದೆ. ಇವುಗಳ ನಡುವೆ ಇರುವ ನೂರಾರು ಕಿಲೋಮೀಟರ್ ಬಯಲಿನಲ್ಲಿ ಮಾತ್ರ ಒಂದೇ ಒಂದು ರಿಂಗ್ಲೆಟ್ ಕೂಡ ಸಿಗುವುದಿಲ್ಲ. ಹುಟ್ಟಿದ ಇಳಿಜಾರನ್ನು ಬಿಟ್ಟು ದೂರ ಹೋಗುವ ಸ್ವಭಾವವೂ ಈ ಚಿಟ್ಟೆಗಿಲ್ಲ. ಹೀಗಿರುವಾಗ ಒಂದಕ್ಕೊಂದು ಸಂಬಂಧವಿಲ್ಲದಂತೆ ನಿಂತಿರುವ ಇಷ್ಟು ಬೆಟ್ಟಗಳ ತುದಿಗೆ ಅದು ತಲುಪಿದ್ದು ಹೇಗೆ?

ಉತ್ತರಕ್ಕಾಗಿ ಸುಮಾರು 20,000 ವರ್ಷ ಹಿಂದಕ್ಕೆ ಹೋಗಬೇಕು. ಕೊನೆಯ ಹಿಮಯುಗ ಉತ್ತುಂಗದಲ್ಲಿದ್ದ ಆ ಕಾಲದಲ್ಲಿ ಆಲ್ಪ್ಸ್ ಪರ್ವತಗಳು ಬಹುಪಾಲು ಹಿಮನದಿಗಳ ಅಡಿಯಲ್ಲಿದ್ದವು. ಉತ್ತರ ಯುರೋಪನ್ನು ಇನ್ನೊಂದು ಬೃಹತ್ ಹಿಮದ ಹಾಳೆ ಮುಚ್ಚಿತ್ತು. ಈ ಎರಡು ಹಿಮರಾಶಿಗಳ ನಡುವಿನ ತಗ್ಗು ನೆಲದಲ್ಲಿ ಕಾಡಿರಲಿಲ್ಲ, ಚಳಿಗೆ ಒಗ್ಗಿದ ಹುಲ್ಲು ಮತ್ತು ಕುಳ್ಳ ಗಿಡಗಳಿದ್ದವು. ಇಂದು ನಾವು ಪರ್ವತದ ಚಿಟ್ಟೆಗಳೆಂದು ಕರೆಯುವ ಅನೇಕ ಪ್ರಭೇದಗಳು ಆಗ ತಪ್ಪಲಿನ ಹುಲ್ಲುನೆಲದಲ್ಲೇ ಬದುಕುತ್ತಿದ್ದವು. ಸುಮಾರು 11,700 ವರ್ಷಗಳ ಹಿಂದೆ ಹವಾಮಾನ ಬೆಚ್ಚಗಾದಂತೆ ಬಯಲನ್ನು ಮರಗಳು ಆವರಿಸಿದವು, ತಂಪು ಹುಲ್ಲುನೆಲ ಮೇಲಕ್ಕೆ ಸರಿಯಿತು, ಚಿಟ್ಟೆಗಳು ಅದರ ಹಿಂದೆಯೇ ಹೋದವು. ಅಂದರೆ ಶಿಖರ ಇವುಗಳ ಮೂಲ ಮನೆಯಲ್ಲ. ಕೆಳಗಿನ ಮನೆ ಇಲ್ಲವಾದ ಮೇಲೆ ಉಳಿದುಕೊಂಡ ಕೊನೆಯ ಕೋಣೆ. ನಮ್ಮ ಕುದುರೆಮುಖ ಮತ್ತು ಬಾಬಾಬುಡನ್‌ಗಿರಿಯ ಶೋಲಾ ಹುಲ್ಲುಗಾವಲುಗಳನ್ನು ನೋಡಿದವರಿಗೆ, ಸುತ್ತ ಬೇರೆಯದೇ ಹವೆಯಿರುವಾಗ ನೆತ್ತಿಯ ಮೇಲೆ ಮಾತ್ರ ಒಂದು ಪ್ರತ್ಯೇಕ ಜೀವಲೋಕ ದ್ವೀಪದಂತೆ ಉಳಿದುಕೊಳ್ಳುವ ಚಿತ್ರ ಹೊಸದಲ್ಲ.

ಆದರೆ ಕಥೆ ಇಷ್ಟು ಸರಳವಾಗಿದ್ದರೆ ಎಲ್ಲ ಬೆಟ್ಟಗಳ ರಿಂಗ್ಲೆಟ್‌ಗಳೂ ವಂಶದಲ್ಲಿ ಹೆಚ್ಚುಕಡಿಮೆ ಒಂದೇ ಆಗಿರಬೇಕಿತ್ತು. ಹಿಮಯುಗದ ಬಯಲಿನಲ್ಲಿ ಅವೆಲ್ಲ ಒಂದೇ ದೊಡ್ಡ ಸಮುದಾಯವಾಗಿ ಬೆರೆತಿದ್ದರೆ, ಬೇರ್ಪಟ್ಟು ಕಳೆದ ಹತ್ತು ಹನ್ನೆರಡು ಸಾವಿರ ವರ್ಷಗಳಲ್ಲಿ ಅವುಗಳ ನಡುವೆ ದೊಡ್ಡ ಅಂತರ ಮೂಡುವುದು ಕಷ್ಟ. ಥಾಮಸ್ ಶ್ಮಿಟ್, ಗಾಡ್‌ಫ್ರಿ ಹೆವಿಟ್ ಮತ್ತು ಅವರ ಸಹೋದ್ಯೋಗಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಬೇರೆ ಬೇರೆ ಪರ್ವತಗಳ ಚಿಟ್ಟೆಗಳು ವಂಶವಾಹಿಗಳ ಮಟ್ಟದಲ್ಲಿ ಸ್ಪಷ್ಟವಾಗಿ ಬೇರೆ ಬೇರೆ ಗುಂಪುಗಳೆಂದು ಅದರಲ್ಲಿ ಕಂಡುಬಂತು. ಅಂದರೆ ಹಿಮಯುಗದಲ್ಲೂ ಇವು ಇಡೀ ಬಯಲಿನ ಉದ್ದಕ್ಕೆ ಹರಡಿರಲಿಲ್ಲ. ಒಂದೊಂದು ಪರ್ವತದ ಬುಡದಲ್ಲಿ, ತಕ್ಕಷ್ಟು ತೇವ ಮತ್ತು ಹಿಮದ ಹೊದಿಕೆ ಇದ್ದ ಸಣ್ಣ ಆಶ್ರಯಗಳಲ್ಲಿ, ಪ್ರತ್ಯೇಕವಾಗಿಯೇ ಇದ್ದವು. ಚಳಿ ಹೆಚ್ಚಿದಾಗ ಬುಡಕ್ಕೆ ಇಳಿದು, ಕಡಿಮೆಯಾದಾಗ ಅದೇ ಬೆಟ್ಟವನ್ನು ಹತ್ತಿ, ನೆರೆಯ ಬೆಟ್ಟದವರೊಂದಿಗೆ ಬೆರೆಯದೆ ಬದುಕಿದ ಒಂದೊಂದು ಗುಂಪಿಗೂ ಅದರದೇ ಆದ ದೀರ್ಘ ಚರಿತ್ರೆಯಿದೆ.

ಈ ಚರಿತ್ರೆಯನ್ನು ಓದುವ ಬಗೆ ತತ್ವದಲ್ಲಿ ಸುಲಭ. ತಲೆಮಾರಿನಿಂದ ತಲೆಮಾರಿಗೆ ಡಿಎನ್‌ಎ ನಕಲಾಗುವಾಗ ಅಪರೂಪಕ್ಕೆ ಸಣ್ಣ ತಪ್ಪುಗಳು ಸೇರುತ್ತವೆ. ಎರಡು ಗುಂಪುಗಳು ಬೆರೆಯುತ್ತಿದ್ದರೆ ಆ ತಪ್ಪುಗಳೂ ಹಂಚಿಹೋಗುತ್ತವೆ. ಬೆರೆಯದಿದ್ದರೆ ಪ್ರತಿ ಗುಂಪಿನಲ್ಲೂ ಅದರದೇ ತಪ್ಪುಗಳ ಕಂತೆ ಬೆಳೆಯುತ್ತದೆ. ಗುಂಪು ಚಿಕ್ಕದಾದಷ್ಟೂ ವಂಶವಾಹಿಗಳ ಕೆಲವು ರೂಪಗಳು ಕೇವಲ ಆಕಸ್ಮಿಕವಾಗಿ ಕಳೆದುಹೋಗಿ, ಉಳಿದ ಕೆಲವೇ ರೂಪಗಳು ಎಲ್ಲರಲ್ಲೂ ನೆಲೆಗೊಳ್ಳುತ್ತವೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಎಂಬ ಭಾಗದ, ತಾಯಿಯಿಂದ ಮಾತ್ರ ಬರುವ ಡಿಎನ್‌ಎ ಓದಲು ಅನುಕೂಲವಾದರೂ ಅದೊಂದನ್ನೇ ನಂಬುವಂತಿಲ್ಲ. ಚಿಟ್ಟೆಗಳ ಜೀವಕೋಶದೊಳಗೆ ವಾಸಿಸುವ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಕೂಡ ತಾಯಿಯ ಮೊಟ್ಟೆಯ ಮೂಲಕವೇ ದಾಟುತ್ತದೆ. ಅದು ಒಂದು ಸಮುದಾಯದಲ್ಲಿ ವೇಗವಾಗಿ ಹರಡಿದರೆ ತನ್ನ ಜೊತೆಗಿದ್ದ ಮೈಟೊಕಾಂಡ್ರಿಯದ ರೂಪವನ್ನೂ ಎಳೆದುಕೊಂಡು ಹರಡುತ್ತದೆ, ನಿಜವಾದ ವಂಶಚರಿತ್ರೆ ಮಸುಕಾಗುತ್ತದೆ. ಆದ್ದರಿಂದ ಕೋಶಕೇಂದ್ರದ ಡಿಎನ್‌ಎಯನ್ನೂ ಜೊತೆಯಲ್ಲಿಟ್ಟು ನೋಡಬೇಕಾಗುತ್ತದೆ.

ಎರೆಬಿಯಾ ಕುಲದ ಇನ್ನೊಂದು ವಿಶೇಷ ಅವುಗಳ ವರ್ಣತಂತುಗಳಲ್ಲಿ, ಅಂದರೆ ಡಿಎನ್‌ಎ ಅಡಕವಾಗಿರುವ ಎಳೆಗಳಲ್ಲಿ ಇದೆ. ಚಿಟ್ಟೆಗಳಲ್ಲಿ ಸಾಮಾನ್ಯವಾಗಿ ಕಾಣುವ ಲೆಕ್ಕ 31 ಜೋಡಿ. ಎರೆಬಿಯಾಗಳಲ್ಲಿ ಮಾತ್ರ ಇದು 7 ಜೋಡಿಯಿಂದ ಹಿಡಿದು ಸುಮಾರು 51 ಜೋಡಿಯವರೆಗೂ ಬದಲಾಗುತ್ತದೆ, ಅದೂ ಹೊರನೋಟಕ್ಕೆ ಒಂದನ್ನೊಂದು ಹೋಲುವ ಪ್ರಭೇದಗಳ ನಡುವೆ. ಮನುಷ್ಯರೂ ಸೇರಿ ಹೆಚ್ಚಿನ ಪ್ರಾಣಿಗಳಲ್ಲಿ ವರ್ಣತಂತುವಿಗೆ ಒಂದು ಗಂಟಿನಂಥ ಜಾಗವಿರುತ್ತದೆ. ಕೋಶ ವಿಭಜನೆಯಾಗುವಾಗ ಎಳೆಯುವ ದಾರಗಳು ಆ ಗಂಟಿಗೇ ಅಂಟಿಕೊಳ್ಳುತ್ತವೆ. ವರ್ಣತಂತು ತುಂಡಾದರೆ ಗಂಟಿಲ್ಲದ ತುಂಡು ಹಿಡಿತ ಸಿಗದೆ ಕಳೆದುಹೋಗುತ್ತದೆ. ಚಿಟ್ಟೆಗಳಲ್ಲಿ ಹಾಗಲ್ಲ. ಅವುಗಳ ವರ್ಣತಂತುವಿನ ಉದ್ದಕ್ಕೂ ದಾರಗಳು ಅಂಟಬಲ್ಲವು, ಹಾಗಾಗಿ ತುಂಡಾದ ಭಾಗವೂ ಮುಂದಿನ ಕೋಶಕ್ಕೆ ಸುರಕ್ಷಿತವಾಗಿ ತಲುಪಬಲ್ಲದು. ಒಂಟಿ ಬೆಟ್ಟದ ಸಣ್ಣ ಸಮುದಾಯದಲ್ಲಿ ಇಂಥ ಒಡಕು ಅಥವಾ ಬೆಸುಗೆ ಒಮ್ಮೆ ನೆಲೆಗೊಂಡರೆ, ಮುಂದೆಂದಾದರೂ ನೆರೆಯ ಬೆಟ್ಟದವರನ್ನು ಕೂಡಿದಾಗ ವರ್ಣತಂತುಗಳು ಸರಿಯಾಗಿ ಜೋಡಿಯಾಗದೆ ಸಂತಾನ ಸೊರಗಬಹುದು. ಪ್ರತ್ಯೇಕತೆ ಹೀಗೆ ಪ್ರಭೇದವಾಗಿ ಗಟ್ಟಿಯಾಗುತ್ತದೆ.

ಕ್ರೊಯೇಷಿಯಾದ ಚಿಟ್ಟೆತಜ್ಞ ಝ್ದ್ರಾವ್ಕೊ ಲೊರ್ಕೊವಿಚ್ ಈ ವಿಷಯದಲ್ಲಿ ಮಾಡಿದ ಕೆಲಸ ನನಗೆ ಅತ್ಯಂತ ಗೌರವ ಮೂಡಿಸುವಂಥದು. ಎರೆಬಿಯಾ ಟಿಂಡಾರಸ್ ಎಂಬ ಒಂದೇ ಹೆಸರಿನಡಿ ಇಟ್ಟಿದ್ದ ಚಿಟ್ಟೆಗಳನ್ನು ಅವರು ಸೂಕ್ಷ್ಮದರ್ಶಕದಡಿ ವರ್ಣತಂತು ಎಣಿಸಿ, ಪರಸ್ಪರ ಕೂಡಿಸಿ ನೋಡಿ, ಅದೊಂದು ಗುಂಪೇ ಹೊರತು ಒಂದು ಪ್ರಭೇದವಲ್ಲವೆಂದು ತೋರಿಸಿದರು. ಟಿಂಡಾರಸ್‌ನಲ್ಲಿ 10 ಜೋಡಿ, ಕ್ಯಾಲ್ಕೇರಿಯಾದಲ್ಲಿ 8, ನಿವಾಲಿಸ್‌ನಲ್ಲಿ 11, ಒಟ್ಟೊಮಾನಾದಲ್ಲಿ 40. ಇವುಗಳಲ್ಲಿ ಆಲ್ಪ್ಸ್‌ನ ಅತಿ ಎತ್ತರದಲ್ಲಿ ಹಾರುವ ನಿವಾಲಿಸ್‌ಗೆ ಲೊರ್ಕೊವಿಚ್ ಮತ್ತು ಫ್ರಾನ್ಸಿನ ದ ಲೆಸ್ 1954ರಲ್ಲಷ್ಟೇ ಹೆಸರಿಟ್ಟರು. ಎರಡು ಶತಮಾನಗಳಿಂದ ಚಿಟ್ಟೆ ಸಂಗ್ರಾಹಕರು ಜಾಲಾಡಿದ್ದ ಪರ್ವತದಲ್ಲೇ ಒಂದು ಪ್ರಭೇದ ಅಷ್ಟು ಕಾಲ ಗುರುತಿಗೆ ಸಿಗದೆ ಹಾರಾಡಿಕೊಂಡಿತ್ತು.

ಬೇರ್ಪಟ್ಟವು ಮತ್ತೆ ಸಂಧಿಸಿದಾಗ ಯಾವಾಗಲೂ ಗೋಡೆಯೇ ಎದುರಾಗುತ್ತದೆ ಎಂದೇನಿಲ್ಲ. ಆಲ್ಪ್ಸ್‌ನಲ್ಲಿ ಸೀನೊನಿಂಫಾ ಗಾರ್ಡೆಟ್ಟಾ ಎಂಬ ಚಿಟ್ಟೆ ಎತ್ತರದ ಹುಲ್ಲುಗಾವಲಿನಲ್ಲಿದೆ, ಅದರ ಸಂಬಂಧಿ ಆರ್ಕೇನಿಯಾ ಕೆಳಗಿನ ಬೆಚ್ಚಗಿನ ಇಳಿಜಾರುಗಳಲ್ಲಿದೆ. ಡಾರ್ವಿನಿಯಾನಾ ಎಂದು ಕರೆಯುವ ಮೂರನೆಯ ಚಿಟ್ಟೆ ಈ ಇಬ್ಬರ ಬೆರಕೆಯಿಂದಲೇ ಹುಟ್ಟಿ ತನ್ನದೇ ಪ್ರದೇಶದಲ್ಲಿ ನೆಲೆಯೂರಿದ್ದೆಂದು ಡಿಎನ್‌ಎ ಅಧ್ಯಯನಗಳು ತೋರಿಸಿವೆ. ಪರ್ವತ ಪ್ರಭೇದಗಳನ್ನು ಒಡೆಯುತ್ತದೆ, ಕೆಲವೊಮ್ಮೆ ಹೊಸದಾಗಿ ಕೂಡಿಸುತ್ತದೆ ಕೂಡ.

ಇನ್ನು ದಿನನಿತ್ಯದ ಬದುಕು. ಚಿಟ್ಟೆಯ ಮೈಯ ಬಿಸಿ ಹೆಚ್ಚಾಗಿ ಹೊರಗಿನಿಂದಲೇ ಬರಬೇಕು, ಹಾರಾಟದ ಸ್ನಾಯುಗಳು ಕಾಯದೆ ಅದು ಮೇಲೇಳಲಾರದು. ಎರೆಬಿಯಾಗಳ ಕಡು ಬಣ್ಣ ಇದಕ್ಕೆ ನೆರವಾಗುತ್ತದೆ. ಗ್ರೀಕ್ ಪುರಾಣದಲ್ಲಿ ಕತ್ತಲೆಯನ್ನು ಸೂಚಿಸುವ ಎರೆಬಸ್ ಎಂಬ ಹೆಸರೇ ಈ ಕುಲದ ಹೆಸರಿನ ಮೂಲ, ಆದರೆ ಆ ಕತ್ತಲೆಯ ಬಣ್ಣದ ಕೆಲಸ ಬಿಸಿಲನ್ನು ಹೀರುವುದು. ಮೋಡವೊಂದು ಸೂರ್ಯನಿಗೆ ಅಡ್ಡ ಬಂದರೆ ಇಳಿಜಾರಿನ ತುಂಬ ಹಾರುತ್ತಿದ್ದ ರಿಂಗ್ಲೆಟ್‌ಗಳು ಕ್ಷಣದಲ್ಲಿ ಹುಲ್ಲಿನೊಳಗೆ ಬಿದ್ದು ಅಡಗುತ್ತವೆ. ಬಿಸಿಲು ಮರಳಿದರೆ ಮತ್ತೆ ಏಳುತ್ತವೆ. ವಯಸ್ಕ ಚಿಟ್ಟೆಗೆ ಸಿಗುವ ಕೆಲವೇ ವಾರಗಳಲ್ಲಿ ಇಂಥ ಬಿಸಿಲಿನ ಗಂಟೆಗಳನ್ನು ಕೂಡಿಸಿದರೆ ಅದರ ಸಕ್ರಿಯ ಆಯುಷ್ಯ ಎಷ್ಟು ಕಿರಿದು ಎಂಬುದು ತಿಳಿಯುತ್ತದೆ.

ಅದರ ಬಾಳಿನ ಬಹುಭಾಗ ಕಳೆಯುವುದು ಮರಿಹುಳುವಾಗಿ, ಹುಲ್ಲಿನ ಬುಡದಲ್ಲಿ, ಹಿಮದ ಅಡಿಯಲ್ಲಿ. ಹಿಮ ಕೊಲ್ಲುತ್ತದೆ ಎಂದು ನಾವು ಭಾವಿಸುತ್ತೇವೆ. ಈ ಹುಳುಗಳಿಗೆ ದಟ್ಟ ಹಿಮವೇ ಕಂಬಳಿ. ಮೇಲಿನ ಗಾಳಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿದ್ದರೂ ಆಳ ಹಿಮದಡಿಯ ನೆಲ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಚಳಿಗಾಲ ಬೆಚ್ಚಗಾಗಿ ಹಿಮ ತೆಳುವಾದರೆ, ವಿಚಿತ್ರವೆನಿಸಿದರೂ, ಹುಳು ಹೆಚ್ಚು ಚಳಿಗೆ ಸಿಲುಕುತ್ತದೆ. ಬೇಸಿಗೆ ತೀರ ಚಿಕ್ಕದಾದ್ದರಿಂದ ಕೆಲವು ಪ್ರಭೇದಗಳಿಗೆ ಬೆಳೆದು ಮುಗಿಯಲು ಎರಡು ವರ್ಷ ಬೇಕು. ಎರೆಬಿಯಾ ಲಿಗಿಯಾ ಕೆಲವು ಪ್ರದೇಶಗಳಲ್ಲಿ ವರ್ಷ ಬಿಟ್ಟು ವರ್ಷ ಮಾತ್ರ ಹೇರಳವಾಗಿ ಹಾರುತ್ತದೆ. ಇಂಥ ಕಡೆ ಒಂದು ವರ್ಷದ ಎಣಿಕೆಯನ್ನು ನಂಬಿ ಚಿಟ್ಟೆ ಅಳಿಯಿತೆಂದೋ ಹೆಚ್ಚಿತೆಂದೋ ಹೇಳುವುದು ದೊಡ್ಡ ತಪ್ಪಾಗುತ್ತದೆ.

ಈಗ ಬಿಸಿಯ ಲೆಕ್ಕಕ್ಕೆ ಬರೋಣ. ಬೆಟ್ಟ ಹತ್ತುವಾಗ ಪ್ರತಿ 100 ಮೀಟರ್‌ಗೆ ಸುಮಾರು 0.6 ಡಿಗ್ರಿ ಸೆಲ್ಸಿಯಸ್ ತಂಪು ಹೆಚ್ಚುತ್ತದೆ. ಮಧ್ಯ ಸ್ಪೇನಿನ ಗ್ವಾಡರಾಮಾ ಪರ್ವತದಲ್ಲಿ ರಾಬರ್ಟ್ ವಿಲ್ಸನ್ ಮತ್ತು ಸಂಗಡಿಗರು, 1970ರ ಆಸುಪಾಸಿನ ದಾಖಲೆಗಳನ್ನು ಮೂರು ದಶಕಗಳ ನಂತರದ ಸಮೀಕ್ಷೆಯೊಂದಿಗೆ ಹೋಲಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ಅವಧಿಯಲ್ಲಿ ಅಲ್ಲಿನ ತಾಪಮಾನ 1.3 ಡಿಗ್ರಿ ಏರಿತ್ತು. 16 ಪ್ರಭೇದಗಳ ಕೆಳಗಿನ ಗಡಿ ಸರಾಸರಿ 212 ಮೀಟರ್ ಮೇಲಕ್ಕೆ ಹೋಗಿತ್ತು. 1.3 ಡಿಗ್ರಿಯನ್ನು ಮೇಲಿನ ದರದಿಂದ ಭಾಗಿಸಿದರೆ ಬರುವುದು ಸುಮಾರು 217 ಮೀಟರ್. ಚಿಟ್ಟೆಗಳು ಉಷ್ಣಮಾಪಕದ ಗೆರೆಯನ್ನು ಅಷ್ಟು ಹತ್ತಿರದಿಂದ ಹಿಂಬಾಲಿಸಿದ್ದವು. ಮೇಲಿನ ಗಡಿ ಮಾತ್ರ ಅದೇ ಪ್ರಮಾಣದಲ್ಲಿ ಏರಲಿಲ್ಲ, ಹೀಗಾಗಿ ವಾಸಕ್ಕೆ ಒದಗುವ ನೆಲ ಸರಾಸರಿ ಮೂರರಲ್ಲಿ ಒಂದು ಭಾಗದಷ್ಟು ಕುಗ್ಗಿತ್ತು.

ಕುಗ್ಗುವ ಈ ಲೆಕ್ಕ ಸಾಮಾನ್ಯ ಊಹೆಗಿಂತ ಕಠೋರವಾದದ್ದು. ಬೆಟ್ಟವನ್ನು ಒಂದು ಶಂಕುವೆಂದು ಭಾವಿಸಿ. ತುದಿಯಿಂದ ಕೆಳಗೆ 600 ಮೀಟರ್‌ವರೆಗಿನ ಇಳಿಜಾರು ಚಿಟ್ಟೆಗೆ ತಕ್ಕದ್ದಾಗಿದ್ದು, ಕೆಳಗಡಿ 200 ಮೀಟರ್ ಏರಿತೆನ್ನಿ. ಎತ್ತರದಲ್ಲಿ ಕಳೆದದ್ದು ಮೂರರಲ್ಲಿ ಒಂದು ಪಾಲು. ವಿಸ್ತೀರ್ಣ ಎತ್ತರದ ವರ್ಗಕ್ಕೆ ಅನುಗುಣವಾದ್ದರಿಂದ ನೆಲದಲ್ಲಿ ಉಳಿದದ್ದು ಶೇಕಡಾ 44 ಮಾತ್ರ. ಮತ್ತೆ 200 ಮೀಟರ್ ಏರಿದರೆ ಉಳಿಯುವುದು ಶೇಕಡಾ 11. ಆಲ್ಪ್ಸ್‌ನಂಥ ಎತ್ತರದ ಪರ್ವತದಲ್ಲಿ ಮೇಲಕ್ಕೆ ಇನ್ನೂ ಜಾಗವಿದೆ. ತಗ್ಗು ಬೆಟ್ಟಗಳಿಗೆ ಆ ಅವಕಾಶವಿಲ್ಲ. ಪರ್ವತ ರಿಂಗ್ಲೆಟ್‌ಗೆ 1783ರಲ್ಲಿ ವೈಜ್ಞಾನಿಕ ಹೆಸರು ಬಂದದ್ದು ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಚಿಟ್ಟೆಗಳಿಂದ. ಅಲ್ಲಿನ ಅತ್ಯುನ್ನತ ಬ್ರೊಕೆನ್ ಶಿಖರ 1,141 ಮೀಟರ್. ತಾನು ಮೊದಲು ಹೆಸರು ಪಡೆದ ಆ ಬೆಟ್ಟದಲ್ಲಿ ಇಂದು ಈ ಚಿಟ್ಟೆ ಇಲ್ಲ.

ಆದರೂ ಎಲ್ಲ ನಷ್ಟವನ್ನೂ ಹವಾಮಾನದ ಖಾತೆಗೆ ಬರೆಯುವುದು ಸರಿಯಲ್ಲ. ಮರಗಳ ಗಡಿಗಿಂತ, ಅಂದರೆ ಮರ ಬೆಳೆಯಬಲ್ಲ ಎತ್ತರದ ಮಿತಿಗಿಂತ, ಕೆಳಗಿರುವ ಯುರೋಪಿನ ಪರ್ವತ ಹುಲ್ಲುಗಾವಲುಗಳು ಬಹುಮಟ್ಟಿಗೆ ದನ, ಕುರಿ, ಮೇಕೆಗಳ ಬಾಯಿಂದ ಮತ್ತು ಕುಡುಗೋಲಿನಿಂದ ಶತಮಾನಗಳ ಕಾಲ ಉಳಿದುಬಂದವು. ಕಡಿದಾದ ಇಳಿಜಾರಿನ ಬೇಸಾಯ ಲಾಭ ತರದೆ ರೈತರು ಅದನ್ನು ಬಿಟ್ಟಾಗ ಮೊದಲು ಪೊದೆ, ಆಮೇಲೆ ಕಾಡು ಮೇಲೇರುತ್ತದೆ. ಮರದ ನೆರಳಲ್ಲಿ ಚಿಟ್ಟೆಯ ಆಹಾರ ಸಸ್ಯವೂ ಇರುವುದಿಲ್ಲ, ಬಿಸಿಲೂ ಇರುವುದಿಲ್ಲ. ಯಂತ್ರ ಹೋಗಬಲ್ಲ ಸಮತಟ್ಟು ಕಣಿವೆಗಳಲ್ಲಿ ಆಗಿರುವುದು ಇದಕ್ಕೆ ತಿರುಗುಮುರುಗು: ಗೊಬ್ಬರ ಸುರಿದು, ವರ್ಷಕ್ಕೆ ಹಲವು ಬಾರಿ ಕೊಯ್ದು, ಹೂಗಿಡಗಳಿಲ್ಲದ ಒಂದೇ ಬಗೆಯ ಹುಲ್ಲು. ಯುರೋಪಿನ ಹುಲ್ಲುಗಾವಲು ಚಿಟ್ಟೆಗಳ ಸಂಖ್ಯೆ 1990ರಿಂದ 2011ರ ನಡುವೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ ಎಂದು ಯುರೋಪಿಯನ್ ಪರಿಸರ ಸಂಸ್ಥೆ 2013ರಲ್ಲಿ ವರದಿ ಮಾಡಿತು. ತಾಪಮಾನದ ಏರಿಕೆಯನ್ನು ಒಂದು ಊರು ತಡೆಯಲಾರದು, ಇಳಿಜಾರಿನ ಮೇಲೆ ಮೇಯುವ ಕುರಿಗಳನ್ನು ಉಳಿಸಿಕೊಳ್ಳಬಲ್ಲದು. ನನ್ನ ದೃಷ್ಟಿಯಲ್ಲಿ ಸಂರಕ್ಷಣೆ ಮೊದಲು ಕೈಹಾಕಬೇಕಾದದ್ದು ಇಲ್ಲಿಗೆ.

ಅಪೊಲೊ ಚಿಟ್ಟೆಯ ಉದಾಹರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಲಿನೇಯಸ್ 1758ರಲ್ಲಿ ಹೆಸರಿಟ್ಟ ಪಾರ್ನಾಸಿಯಸ್ ಅಪೊಲೊ ಬಿಳಿಯ ದೊಡ್ಡ ಚಿಟ್ಟೆ. ಹಿಂದಿನ ರೆಕ್ಕೆಗಳಲ್ಲಿ ಕೆಂಪು ಕಣ್ಣಿನಂಥ ಗುರುತು, ಮುಂದಿನ ರೆಕ್ಕೆಯ ತುದಿ ಗಾಜಿನಂತೆ ಪಾರದರ್ಶಕ. ಇದೇ ಕುಲದ ಬಂಧುಗಳು ನಮ್ಮ ಲಡಾಖ್ ಮತ್ತು ಹಿಮಾಲಯದ ಎತ್ತರದಲ್ಲೂ ಇವೆ. ಅಪೊಲೊ ಮರಿಹುಳು ತಿನ್ನುವುದು ಬಂಡೆಗಳ ನಡುವೆ ಬೆಳೆಯುವ ಸೀಡಮ್ ಎಂಬ ರಸಭರಿತ ಎಲೆಯ ಗಿಡಗಳನ್ನು. ಪ್ರೌಢ ಚಿಟ್ಟೆಗೆ ಬೇಕಾದದ್ದು ಮುಳ್ಳುಗಿಡಗಳ ನೇರಳೆ ಹೂಗಳ ಮಕರಂದ. ಬಿಸಿಲಿಗೆ ತೆರೆದ ಬಂಡೆಯೂ ಹೂವಿನ ಹುಲ್ಲುಗಾವಲೂ ಹತ್ತಿರ ಹತ್ತಿರವೇ ಇರಬೇಕು. ಜರ್ಮನಿಯ ಮೊಸೆಲ್ ಕಣಿವೆಯಲ್ಲಿ ದ್ರಾಕ್ಷಿತೋಟಗಳ ಕಡಿದಾದ ಕಲ್ಲುಕಟ್ಟೆಗಳ ಮೇಲೆ ಇದರ ಒಂದು ಉಪಪ್ರಭೇದ ಬದುಕಿದೆ. ಮನುಷ್ಯನ ದುಡಿಮೆ ಚಿಟ್ಟೆಗೆ ಸದಾ ಶತ್ರುವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಪೋಲೆಂಡ್ ಮತ್ತು ಸ್ಲೊವಾಕಿಯಾ ಗಡಿಯ ಪಿಯೆನಿನಿ ಬೆಟ್ಟಗಳಲ್ಲಿ 1990ರ ದಶಕದ ಆರಂಭಕ್ಕೆ ಪೋಲೆಂಡ್ ಭಾಗದ ಅಪೊಲೊಗಳ ಸಂಖ್ಯೆ ಇಪ್ಪತ್ತು ಮೂವತ್ತಕ್ಕೆ ಕುಸಿದಿತ್ತು. ರಾಷ್ಟ್ರೀಯ ಉದ್ಯಾನದವರು ಬಂಡೆ ಇಳಿಜಾರುಗಳನ್ನು ಮುಚ್ಚಿದ್ದ ಮರ ಮತ್ತು ಪೊದೆಗಳನ್ನು ತೆಗೆದು, ಸೀಡಮ್ ನೆಟ್ಟು, ಚಿಟ್ಟೆಗಳನ್ನು ಸಾಕಿ ಬಿಡುಗಡೆ ಮಾಡಿದರು, ಸಮುದಾಯ ಚೇತರಿಸಿಕೊಂಡಿತು. ಆದರೆ ಸಾಕಿದ ಚಿಟ್ಟೆಗಳ ನಡುವೆ ರೆಕ್ಕೆ ಸೊಟ್ಟಗಾದವು, ರೆಕ್ಕೆ ಪೂರ್ತಿ ಬೆಳೆಯದವು ಕಾಣಿಸಿಕೊಂಡವು. ಕೆಲವೇ ಪೂರ್ವಜರಿಂದ ಮತ್ತೆ ಕಟ್ಟಿದ ಸಮುದಾಯದಲ್ಲಿ ಇಂಥ ಲಕ್ಷಣ ಕಂಡಾಗ ಒಳಸಂಬಂಧದ, ಅಂದರೆ ಹತ್ತಿರದ ಬಂಧುಗಳೇ ತಮ್ಮೊಳಗೆ ಕೂಡುವುದರ, ಪ್ರಶ್ನೆ ಏಳುವುದು ಸಹಜ.

ಆ ಪ್ರಶ್ನೆಯ ಗಾಂಭೀರ್ಯವನ್ನು ಅಳೆದು ತೋರಿಸಿದ್ದು ಪರ್ವತವಲ್ಲ, ಫಿನ್ಲೆಂಡಿನ ಆಲಂಡ್ ದ್ವೀಪಸಮೂಹ. ಇಲ್ಕಾ ಹನ್ಸ್ಕಿ ಅವರ ತಂಡ ಅಲ್ಲಿ ಗ್ಲಾನ್‌ವಿಲ್ ಫ್ರಿಟಿಲರಿ ಎಂಬ ಚಿಟ್ಟೆಯ 42 ಸಣ್ಣ ಸಮುದಾಯಗಳ ವಂಶವೈವಿಧ್ಯವನ್ನು ಅಳೆದು, ಒಂದು ವರ್ಷದೊಳಗೆ ಯಾವುವು ಅಳಿದವು ಎಂದು ನೋಡಿತು. ಏಳು ಅಳಿದಿದ್ದವು, ವೈವಿಧ್ಯ ಕಡಿಮೆಯಿದ್ದ ಸಮುದಾಯಗಳಿಗೇ ಅಳಿಯುವ ಅಪಾಯ ಹೆಚ್ಚಿತ್ತು. 1998ರಲ್ಲಿ ಪ್ರಕಟವಾದ ಈ ಫಲಿತಾಂಶದ ನಂತರ, ಒಳಸಂಬಂಧದ ಹಾನಿ ಪ್ರಯೋಗಾಲಯದ ಸಂಗತಿ ಮಾತ್ರ ಎನ್ನುವುದು ಸಾಧ್ಯವಾಗಲಿಲ್ಲ. ಇದಕ್ಕೆ ಪರಿಹಾರವಾಗಿ ಬೇರೆ ಬೆಟ್ಟದ ಚಿಟ್ಟೆಗಳನ್ನು ತಂದು ಬೆರೆಸಬಹುದಲ್ಲವೇ ಎಂದು ಕೇಳಬಹುದು. ಕೆಲವೊಮ್ಮೆ ಅದು ಸರಿಯಾದ ದಾರಿ. ಆದರೆ ಸಾವಿರಾರು ವರ್ಷ ಬೇರೆಯಾಗಿದ್ದ ವಂಶಗಳನ್ನು, ವರ್ಣತಂತುಗಳ ಲೆಕ್ಕವೇ ಬೇರೆಯಿರಬಹುದಾದ ಕುಲವೊಂದರಲ್ಲಿ, ಪರೀಕ್ಷಿಸದೆ ಬೆರೆಸುವುದು ಉಳಿಸಹೊರಟ ಚರಿತ್ರೆಯನ್ನೇ ಅಳಿಸಿದಂತಾಗಬಹುದು. ಮೊದಲು ಡಿಎನ್‌ಎ ಓದಿ, ಹತ್ತಿರದ ಬಂಧು ಯಾರೆಂದು ತಿಳಿದು, ಆಮೇಲೆ ಕೈಹಾಕುವುದೇ ಉಚಿತ.

ಕಾನೂನಿನ ರಕ್ಷಣೆಯಿದೆ. ಅಪೊಲೊ ವ್ಯಾಪಾರವನ್ನು ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸಂಬಂಧಿಸಿದ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧ ನಿಯಂತ್ರಿಸುತ್ತದೆ. ಯುರೋಪಿನ 1992ರ ಆವಾಸ ನಿರ್ದೇಶನದ ಪಟ್ಟಿಯಲ್ಲೂ ಅದರ ಹೆಸರಿದೆ. ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿಯ ಸಿಂಪ್ಲಾನ್ ಸುತ್ತಲ ಕಿರಿದಾದ ಪ್ರದೇಶದಲ್ಲಷ್ಟೇ ಇರುವ ಎರೆಬಿಯಾ ಕ್ರಿಸ್ಟಿಯಂಥ ಚಿಟ್ಟೆಗೆ, ಅಪರೂಪಕ್ಕೆ ಬೆಲೆ ಕಟ್ಟುವ ಸಂಗ್ರಾಹಕರಿಂದ ಇಂಥ ರಕ್ಷಣೆ ಅಗತ್ಯವೇ. ಆದರೆ ಬಲೆ ಹಿಡಿದವನನ್ನು ತಡೆಯುವ ಕಾನೂನು ಪೊದೆ ಬೆಳೆಯುವುದನ್ನು ತಡೆಯುವುದಿಲ್ಲ.

ಝೆಕ್ ದೇಶದ ಯೆಸೆನಿಕ್ ಬೆಟ್ಟಗಳಿಗೆ ಮರಳಿದರೆ ಈ ಎಲ್ಲ ಎಳೆಗಳೂ ಒಂದೆಡೆ ಸಿಗುತ್ತವೆ. ಅಲ್ಲಿನ ಅತ್ಯುನ್ನತ ಪ್ರಾದೆತ್ ಶಿಖರ 1,491 ಮೀಟರ್. ಮರಗಳ ಗಡಿಯ ಮೇಲೆ ಉಳಿದಿರುವ ಹುಲ್ಲುನೆಲ ಒಂದು ಕಿರಿದಾದ ಪಟ್ಟಿ ಮಾತ್ರ. ಅಲ್ಲಿ ಸಹಜವಾಗಿ ಬೆಳೆಯದ ಕುಳ್ಳ ಪೈನ್ ಗಿಡಗಳನ್ನು ಹಿಂದಿನವರು ಆ ನೆತ್ತಿಯ ಮೇಲೆ ನೆಟ್ಟಿದ್ದರು. ಅವು ದಟ್ಟವಾಗಿ ಹಬ್ಬಿ ರಿಂಗ್ಲೆಟ್‌ಗಳ ಹುಲ್ಲನ್ನು ನುಂಗುತ್ತಿರುವುದರಿಂದ ಅವುಗಳನ್ನು ತೆಗೆಯಬೇಕೆಂದು ಚಿಟ್ಟೆತಜ್ಞರು ಒತ್ತಾಯಿಸುತ್ತ ಬಂದಿದ್ದಾರೆ. ಅದೇ ಬೆಟ್ಟದ ಕೆಲವು ಡಜನ್ ಹೆಣ್ಣು ರಿಂಗ್ಲೆಟ್‌ಗಳನ್ನು 1930ರ ದಶಕದ ಆರಂಭದಲ್ಲಿ, ಈ ಚಿಟ್ಟೆ ಇಲ್ಲದಿದ್ದ ಕ್ರ್ಕೊನೊಶೆ ಬೆಟ್ಟಗಳಿಗೆ ಒಯ್ದು ಬಿಡಲಾಯಿತು. ಅಷ್ಟು ಸಣ್ಣ ಆರಂಭವಾದರೂ ಅವು ನೆಲೆಯೂರಿದವು, ಇಂದಿಗೂ ಅಲ್ಲಿ ಹಾರುತ್ತಿವೆ. ಕ್ರ್ಕೊನೊಶೆಯ ಸ್ನೆಷ್ಕಾ ಶಿಖರ 1,603 ಮೀಟರ್, ಅಂದರೆ ಪ್ರಾದೆತ್‌ಗಿಂತ 112 ಮೀಟರ್ ಹೆಚ್ಚು. ಯೆಸೆನಿಕ್ ವಂಶಕ್ಕೆ ಆ ಸ್ಥಳಾಂತರದಿಂದ ಸಿಕ್ಕ ಹೆಚ್ಚುವರಿ ಎತ್ತರ ಇಷ್ಟೇ: ಗ್ವಾಡರಾಮಾದ ಚಿಟ್ಟೆಗಳು ಮೂವತ್ತು ವರ್ಷಗಳಲ್ಲಿ ಏರಿದ ದೂರದ ಸುಮಾರು ಅರ್ಧದಷ್ಟು.